ಮಲ್ಲಿಗೆ ತೋಟದ ಅಮ್ಮನಿಗೆ ಸರ್ಪಸುತ್ತು: ಓಝೋನ್ ಚಿಕಿತ್ಸೆ ಸೇರಿಸಬೇಕೇ ಎಂಬ ಪ್ರಶ್ನೆ

ರೋಗಿ 72 ವರ್ಷದ ಹೆಂಗಸು. ಉಡುಪಿ ಜಿಲ್ಲೆಯ ಶಂಕರಪುರದ ಕಡೆಯವರು. ಮನೆ ಹಿಂದೆ ಮಲ್ಲಿಗೆ ತೋಟ ಉಂಟು. ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕೊಡುವುದು ಅವರ ಬದುಕಿನ ಕೆಲಸ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಬಿಪಿಗೆ ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ತೂಕ 50 ಕೆಜಿ. ಅವರ ಮತ್ತು ಮಗಳ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ನಾನು ಆ ಕಡೆಯ ಕುಟುಂಬ ವೈದ್ಯ. ರಕ್ತ ತೆಗೆದು, ಓಝೋನ್ ಅನಿಲ ಕಲಸಿ, ವಾಪಸ್ ಮೈಗೆ ಕೊಡುವ ಓಝೋನ್ ಚಿಕಿತ್ಸೆ ಮಾಡುವವನಲ್ಲ, ಅದರ ಮೇಲೆ ಹಗೆ ಇರುವವನೂ ಅಲ್ಲ.

ಈ ಪ್ರಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಉಂಟು. ಈಕೆಗೆ ಓಝೋನ್ ಕೊಟ್ಟರು, ಈಕೆ ಗುಣವೂ ಆದರು. ಆದರೆ ಓಝೋನ್‌ನಿಂದಲೇ ಗುಣವಾಯಿತಾ? ಮನೆಯವರು ಹೌದು ಅನ್ನುತ್ತಾರೆ. ನನಗೆ ಹಾಗೆ ಹೇಳಲು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದನ್ನು ವಿವರವಾಗಿ ಹೇಳಬೇಕು ಅನ್ನಿಸಿತು. ವಯಸ್ಸಾದ ಅಪ್ಪ ಅಮ್ಮನಿಗೆ ಸರ್ಪಸುತ್ತು ಆದಾಗ ಇದೇ ಪ್ರಶ್ನೆ ಹಿಡಿದುಕೊಂಡು ಬರುವ ಮಕ್ಕಳು ಈಗ ಜಾಸ್ತಿಯಾಗಿದ್ದಾರೆ.

ಶುರುವಾದ ಬಗೆ

ಆಟಿ ತಿಂಗಳು, ಜೋರು ಮಳೆ. ಮೊದಲು ಎಡ ಎದೆಯ ಕೆಳಗೆ ಉರಿ, ಬೆನ್ನಿಗೆ ಚುಚ್ಚಿದ ಹಾಗೆ ನೋವು. ವಾಯು ಅಂದುಕೊಂಡು ಓಮದ ನೀರು ಕುಡಿದರು. ಎರಡನೇ ದಿನ ನೋವು ಏರಿದಾಗ ಮನೆಯವರು ಹೆದರಿ ಇಸಿಜಿ ಮಾಡಿಸಿದರು. ಅದು ಸರಿಯಿತ್ತು. ಮಾಡಿಸಿದ್ದು ಒಳ್ಳೆಯದೇ. ಸರ್ಪಸುತ್ತಿನಲ್ಲಿ ಬೊಕ್ಕೆ ಏಳುವ ಎರಡು ಮೂರು ದಿನ ಮೊದಲೇ ನೋವು ಬರುವುದು ಸಾಮಾನ್ಯ. ಆಗ ಚರ್ಮ ನೋಡಿದರೆ ಏನೂ ಕಾಣುವುದಿಲ್ಲ. 72 ವರ್ಷದ, ಸಕ್ಕರೆ ಕಾಯಿಲೆ ಇರುವ ಹೆಂಗಸಿಗೆ ಎಡ ಎದೆ ನೋವು ಬಂದರೆ ಮೊದಲು ಹೃದಯವನ್ನೇ ನೋಡಬೇಕು.

ಆಮೇಲೆ ಕೆಂಪು ಪಟ್ಟಿ, ಅದರ ಮೇಲೆ ನೀರು ತುಂಬಿದ ಬೊಕ್ಕೆಗಳ ಗೊಂಚಲು. ಬೆನ್ನಿನಿಂದ ಎದೆಯವರೆಗೆ ಅರ್ಧ ಸುತ್ತು. ನಾಗರಪಂಚಮಿಗೆ ಒಂದು ವಾರ ಇತ್ತು. ಈ ಊರಿನಲ್ಲಿ ಆ ಹೊತ್ತಿಗೆ ಮೈಮೇಲೆ ಸರ್ಪದ ಹಾಗೆ ಸುತ್ತು ಬಂದರೆ ಮನೆಯವರ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ನಾಗಬನದಲ್ಲಿ ತಂಬಿಲ ಸೇವೆ ಆಗಬೇಕು ಎಂದು ಅಣ್ಣ ತಮ್ಮಂದಿರು ಮಾತಾಡಿಕೊಂಡರು. ನಾಟಿ ಮದ್ದು ಕೊಡುವವರೊಬ್ಬರು ಸೊಪ್ಪು ಅರೆದು ಹಚ್ಚಿದರು. ಮೀನು ಬಿಡಿಸಿದರು, ನಂಜು ಅಂತ. ನನ್ನ ಹತ್ತಿರ ಬಂದದ್ದು ಬೊಕ್ಕೆ ಎದ್ದ ನಾಲ್ಕನೇ ದಿನ.

"ಬಟ್ಟೆ ತಾಗಿದ್ರೆ ಸಾಕು ಡಾಕ್ಟ್ರೇ, ಬೆಂಕಿ ಇಟ್ಟ ಹಾಗೆ ಆಗ್ತದೆ. ರವಿಕೆ ಹಾಕ್ಲಿಕ್ಕೆ ಆಗುದಿಲ್ಲ" ಅಂದರು. ಮೈಗೆ ತೆಳು ಬೈರಾಸು ಹೊದ್ದುಕೊಂಡು ಬಂದಿದ್ದರು. ಮಗಳು ಮೆಲ್ಲನೆ ಕೇಳಿದಳು: "ತಲೆ ಬಾಲ ಸೇರಿದ್ರೆ ಉಳಿಯುದಿಲ್ಲ ಅಂತ ಹೇಳ್ತಾರೆ, ಹೌದಾ ಡಾಕ್ಟ್ರೇ?"

ಇದು ನಮ್ಮ ಕಡೆ ಎಲ್ಲರ ಮನಸ್ಸಿನಲ್ಲಿರುವ ಹೆದರಿಕೆ. ಸುತ್ತು ಸೇರುವುದೇ ಅಪರೂಪ. ಚಿಕ್ಕವರಿದ್ದಾಗ ಬಂದ ಚಿಕನ್ ಪಾಕ್ಸಿನ ವೈರಸ್, ವೇರಿಸೆಲ್ಲಾ ಜೋಸ್ಟರ್ ಅಂತ ಅದರ ಹೆಸರು, ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಹತ್ತಾರು ವರ್ಷ ಸುಮ್ನೆ ಅಡಗಿರುತ್ತದೆ. ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಒಂದು ಗಂಟಿನಲ್ಲಿ ಎಚ್ಚೆತ್ತು, ಆ ನರ ಹಿಡಿದು ಚರ್ಮಕ್ಕೆ ಬರುತ್ತದೆ. ಪ್ರತಿ ನರವೂ ಮೈಯ ಒಂದೇ ಮಗ್ಗುಲಿಗೆ ಹೋಗುವುದರಿಂದ ಸುತ್ತು ನಡುಗೆರೆಗೆ ಬಂದು ನಿಲ್ಲುತ್ತದೆ. ಎರಡೂ ಕಡೆ ಬಂದರೆ ಅಥವಾ ಮೈಯೆಲ್ಲಾ ಹರಡಿದರೆ ರೋಗನಿರೋಧಕ ಶಕ್ತಿ ತುಂಬಾ ಕುಗ್ಗಿದೆಯಾ ಎಂದು ಹುಡುಕಬೇಕು. ಅದು ಬೇರೆ ಮಾತು. ಇವರಿಗೆ ಹಾಗೇನೂ ಇರಲಿಲ್ಲ. ಮೂಗಿನ ತುದಿ, ಕಣ್ಣು, ಕಿವಿ ಯಾವುದೂ ಸೇರಿರಲಿಲ್ಲ. ಮೂಗಿನ ತುದಿಯಲ್ಲಿ ಒಂದೇ ಬೊಕ್ಕೆ ಇದ್ದರೂ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು, ದೃಷ್ಟಿಯೇ ಹೋಗಬಹುದು.

ಮೊದಲ ವಾರದ ಮದ್ದು

ವೈರಸ್ ಬೆಳೆಯದಂತೆ ತಡೆಯುವ ಮಾತ್ರೆಯನ್ನು ಬೊಕ್ಕೆ ಎದ್ದ 72 ಗಂಟೆಯ ಒಳಗೆ ಶುರುಮಾಡಬೇಕು. ಇವರಿಗೆ ಆ ಹೊತ್ತು ದಾಟಿತ್ತು. ಆದರೆ ಅಂಚಿನಲ್ಲಿ ಇನ್ನೂ ಹೊಸ ಬೊಕ್ಕೆ ಏಳುತ್ತಿತ್ತು. ಹೊಸದು ಏಳುತ್ತಿರುವವರೆಗೆ ವೈರಸ್ ಬೆಳೆಯುತ್ತಿದೆ ಎಂದೇ ಅರ್ಥ. ಹಾಗಾಗಿ ತಡವಾದರೂ ಕೊಡುವುದು ಸರಿ.

ಯಾವ ಪ್ರಮಾಣ ಅನ್ನುವಲ್ಲಿ ಸ್ವಲ್ಪ ನಿಲ್ಲಬೇಕು. ಇದನ್ನು ತುಂಬಾ ಕಡೆ ಬಿಟ್ಟುಬಿಡುತ್ತಾರೆ. ನಾನು ಬರೆದ ವೈರಸ್ ಮಾತ್ರೆ ವ್ಯಾಲಸೈಕ್ಲೋವಿರ್. ಅದರ ಪೂರ್ತಿ ಪ್ರಮಾಣ ಅಂದರೆ 1 ಗ್ರಾಂ, ದಿನಕ್ಕೆ ಮೂರು ಹೊತ್ತು, 7 ದಿನ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಇವರಿಗೆ 1.1. ನೋಡಿದವರು ನಾರ್ಮಲ್ ಅನ್ನುತ್ತಾರೆ. ಆದರೆ ವಯಸ್ಸು 72, ತೂಕ 50 ಕೆಜಿ, ಹೆಂಗಸು ಎಂದು ಸೇರಿಸಿ ಲೆಕ್ಕ ಹಾಕಿದರೆ ಕಿಡ್ನಿ ಸೋಸುವ ವೇಗ ನಿಮಿಷಕ್ಕೆ ಸುಮಾರು 36 ಮಿಲಿ ಮಾತ್ರ. 30ರಿಂದ 49ರ ನಡುವೆ ಇದ್ದರೆ ಮೂರು ಹೊತ್ತು ಕೊಡುವಂತಿಲ್ಲ, ಎರಡೇ ಹೊತ್ತು. ಹೆಚ್ಚಾದರೆ ವಯಸ್ಸಾದವರಿಗೆ ಮಂಪರು, ಗೊಂದಲ, ಇಲ್ಲದ್ದು ಕಾಣುವುದು ಎಲ್ಲ ಆಗಬಹುದು. ಅದನ್ನು ಕಂಡು ಮನೆಯವರು ಅಜ್ಜಿಗೆ ಅರಳುಮರಳು ಅಂದುಬಿಡುತ್ತಾರೆ. ಹೀಗಾಗಿ 1 ಗ್ರಾಂ ಎರಡು ಹೊತ್ತು, 7 ದಿನ, ಚೆನ್ನಾಗಿ ನೀರು ಕುಡಿಯಬೇಕು ಎಂದು ಬರೆದೆ. ಉಷ್ಣಕ್ಕೆ ದಿನಕ್ಕೆ ಮೂರು ನಾಲ್ಕು ಸೀಯಾಳ ಕುಡಿಯುತ್ತಿದ್ದರು. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಿಗೆ, ಕಿಡ್ನಿ ಸ್ವಲ್ಪ ನಿಧಾನ ಇರುವವರಿಗೆ ಅಷ್ಟು ಸೀಯಾಳದಿಂದ ಪೊಟ್ಯಾಸಿಯಂ ಏರುವ ಅಪಾಯ ಉಂಟು. ಅದನ್ನು ಕಡಿಮೆ ಮಾಡಿಸಿದೆ. ಮೀನು ತಿನ್ನಿ ಅಂದೆ. ಗಾಯ ಮಾಸಬೇಕಾದರೆ ಬರೀ ಗಂಜಿ ಉಪ್ಪಿನಕಾಯಿ ಸಾಲುವುದಿಲ್ಲ.

ನೋವಿಗೆ ಪ್ಯಾರಾಸಿಟಮಾಲ್, ರಾತ್ರಿ ನರದ ನೋವಿನ ಮಾತ್ರೆ ಪ್ರಿಗ್ಯಾಬಲಿನ್ 50 ಮಿಲಿಗ್ರಾಂ. ಡೈಕ್ಲೋಫೆನಾಕ್ ಮುಟ್ಟಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಮೆಡಿಕಲ್‌ನಲ್ಲಿ ನೋವು ಅಂದರೆ ಅದನ್ನೇ ಕೊಡುವವರುಂಟು, ಈ ಕಿಡ್ನಿಗೆ ಅದು ಆಗುವುದಿಲ್ಲ. ಅಮಿಟ್ರಿಪ್ಟಿಲಿನ್ ಅನ್ನುವ ಹಳೆಯ ಮಾತ್ರೆಯೂ ನರದ ನೋವಿಗೆ ಕೆಲಸ ಮಾಡುತ್ತದೆ. ಆದರೆ ಈ ವಯಸ್ಸಿಗೆ ಬಾಯಿ ಒಣಗುವುದು, ಮೂತ್ರ ಕಟ್ಟುವುದು, ಮಂಕು ಕವಿಯುವುದು ಜಾಸ್ತಿ. ಪ್ರಿಗ್ಯಾಬಲಿನ್‌ನಿಂದ ತಲೆ ತಿರುಗುತ್ತದೆ. ಮಳೆಗಾಲ, ಪಾಚಿ ಕಟ್ಟಿದ ಅಂಗಳ, ಎತ್ತರದ ಹೊಸ್ತಿಲು. ರಾತ್ರಿ ಒಬ್ಬರೇ ಬಚ್ಚಲಿಗೆ ಹೋಗಬಾರದು ಎಂದು ಮೊಮ್ಮಗಳಿಗೆ ಹೇಳಿದೆ. ಪಿಯುಸಿ ಓದುವ ಹುಡುಗಿ, ಚುರುಕು. ದಿನಾ ರಾತ್ರಿ ಅಜ್ಜಿಯ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನೂ ಅವಳಿಗೇ ಕೊಟ್ಟೆ. ಆ ಪುಸ್ತಕ ಮುಂದೆ ತುಂಬಾ ಉಪಯೋಗಕ್ಕೆ ಬಂತು.

ತಂಬಿಲದ ಬಗ್ಗೆ ಕೇಳಿದರು. ಮಾಡಿಸಿ ಅಂದೆ, ಮಾತ್ರೆಯನ್ನೂ ತಪ್ಪಿಸಬೇಡಿ ಅಂದೆ. ಸೊಪ್ಪಿನ ಲೇಪ ಮಾತ್ರ ನಿಲ್ಲಿಸಿದೆ, ಒಡೆದ ಬೊಕ್ಕೆಗೆ ಸೋಂಕು ತಾಗುತ್ತದೆ. ಇನ್ನೊಂದು ಸಂಗತಿ ಅವರಿಗೆ ನೋವಿಗಿಂತಲೂ ಹೆಚ್ಚು ಚುಚ್ಚಿತ್ತು: ಈ ಮನೆಯ ಹೂ ಬೇಡ ಎಂದು ಯಾರೋ ಅಂದಿದ್ದರಂತೆ. ಹೂವಿನಿಂದ ಸರ್ಪಸುತ್ತು ಹರಡುವುದಿಲ್ಲ. ಬೊಕ್ಕೆಯ ನೀರು ನೇರವಾಗಿ ತಾಗಿದರೆ, ಮೊದಲು ಚಿಕನ್ ಪಾಕ್ಸ್ ಆಗದವರಿಗೆ ಚಿಕನ್ ಪಾಕ್ಸ್ ಬರಬಹುದು, ಅಷ್ಟೇ. ಬೊಕ್ಕೆಯನ್ನು ಬಟ್ಟೆಯಲ್ಲಿ ಮುಚ್ಚಿ, ಕೈ ತೊಳೆದುಕೊಂಡರೆ ಆಯಿತು. ಹಸುಗೂಸು, ಬಸುರಿಯರು ಹತ್ತಿರ ಬಾರದಂತೆ ನೋಡಿಕೊಳ್ಳಬೇಕು.

ಓಝೋನ್ ಮಾತು ಬಂದದ್ದು

ಎರಡು ವಾರ ಕಳೆದು ಬೊಕ್ಕೆ ಒಣಗಿತು, ಸಿಪ್ಪೆ ಉದುರತೊಡಗಿತು. ನೋವು ಉಳಿಯಿತು. ಮನೆಯವರ ತಾಳ್ಮೆ ಇಲ್ಲಿಯೇ ಒಡೆಯುವುದು. ಗಾಯ ಮಾಸಿದೆ, ಮತ್ತೆ ಯಾಕೆ ನೋವು? ಗಾಯ ಚರ್ಮದ್ದು, ನೋವು ನರದ್ದು. ವೈರಸ್ ನರವನ್ನೇ ಸುಟ್ಟು ಬಂದಿರುತ್ತದೆ. ಬೊಕ್ಕೆ ಎದ್ದು 90 ದಿನ ದಾಟಿಯೂ ನೋವು ಉಳಿದರೆ ಅದಕ್ಕೆ ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಸರ್ಪಸುತ್ತು ಬಂದವರಲ್ಲಿ ನೂರಕ್ಕೆ 10ರಿಂದ 18 ಮಂದಿಗೆ ಹಾಗಾಗುತ್ತದೆ. ವಯಸ್ಸು ಏರಿದಷ್ಟೂ ಸಂಭವ ಜಾಸ್ತಿ. ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ.

ದುಬೈಯಲ್ಲಿರುವ ಮಗ ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದ. ರಕ್ತ ತೆಗೆದು, ಓಝೋನ್ ಸೇರಿಸಿ, ವಾಪಸ್ ಕೊಟ್ಟರೆ ಸರ್ಪಸುತ್ತಿನ ನೋವು ಮಾಯ ಎಂದು ಅದರಲ್ಲಿತ್ತು. ಮಂಗಳೂರಿನಲ್ಲಿರುವ ಮಗಳು ಒಂದು ಕೇಂದ್ರ ಹುಡುಕಿದಳು. ಹತ್ತು ಸಿಟ್ಟಿಂಗಿನ ಪ್ಯಾಕೇಜ್, ಮುಂಗಡ ಕೊಡಬೇಕು. ಕೊಡುವ ಮೊದಲು ನನ್ನನ್ನು ಕೇಳಲು ಬಂದಳು. ಅಷ್ಟು ಮಾಡಿದ್ದಕ್ಕೆ ನನಗೆ ನಿಜಕ್ಕೂ ಸಮಾಧಾನವಾಯಿತು. ಎಷ್ಟೋ ಮನೆಗಳಲ್ಲಿ ವೈದ್ಯರು ಬೈಯುತ್ತಾರೆ ಎಂದು ಹೇಳದೆಯೇ ಹೋಗುತ್ತಾರೆ.

ಅವಳಿಗೆ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಓಝೋನ್ ಅಂದರೆ ಆಮ್ಲಜನಕದ ಮೂರು ಪರಮಾಣು ಸೇರಿದ ಅನಿಲ. ನಾವು ಉಸಿರಾಡುವ ಆಮ್ಲಜನಕದಲ್ಲಿ ಎರಡು ಪರಮಾಣು. ಮೂರನೆಯದು ನಿಲ್ಲುವುದಿಲ್ಲ, ಸಿಕ್ಕಿದ್ದನ್ನು ಆಕ್ಸಿಡೈಜ್ ಮಾಡಿ ಹೋಗುತ್ತದೆ. ಹಾಗಾಗಿ ಸಿಲಿಂಡರ್‌ನಲ್ಲಿ ತುಂಬಿಡಲು ಬರುವುದಿಲ್ಲ. ಯಂತ್ರದಲ್ಲಿ ಶುದ್ಧ ಆಮ್ಲಜನಕಕ್ಕೆ ವಿದ್ಯುತ್ ಹಾಯಿಸಿ ಆಗಲೇ ತಯಾರಿಸಿ ಆಗಲೇ ಬಳಸಬೇಕು. ಕುಡಿಯುವ ನೀರಿನ ಕ್ರಿಮಿ ಕೊಲ್ಲಲು ನೂರು ವರ್ಷಕ್ಕೂ ಹಿಂದಿನಿಂದ ಬಳಕೆಯಲ್ಲಿದೆ. ನೀರಿನಲ್ಲಿ ಅದು ವೈರಸ್ ಕೊಲ್ಲುತ್ತದೆ, ಅದರಲ್ಲಿ ಸಂಶಯ ಇಲ್ಲ. ವಿಡಿಯೋದವರು ಇಲ್ಲಿಂದ ಒಂದು ಜಿಗಿತ ಜಿಗಿಯುತ್ತಾರೆ: ನೀರಿನಲ್ಲಿ ಕೊಲ್ಲುವುದಾದರೆ ಮೈಯಲ್ಲೂ ಕೊಲ್ಲುತ್ತದೆ ಎಂದು.

ಹಾಗೆ ಆಗುವುದಿಲ್ಲ. ಓಝೋನ್ ರಕ್ತಕ್ಕೆ ಸೇರಿದ ಕ್ಷಣಗಳಲ್ಲೇ ಅಲ್ಲಿನ ಕೊಬ್ಬಿನಾಂಶಗಳ ಜೊತೆ ಸೇರಿ ಮುಗಿದುಹೋಗುತ್ತದೆ. ವೈರಸ್ ಇರುವುದು ಬೆನ್ನುಹುರಿಯ ಪಕ್ಕದ ಗಂಟಿನಲ್ಲಿ. ಬಾಟಲಿಯಲ್ಲಿ ಕಲಸಿದ ಓಝೋನ್ ಅಲ್ಲಿಗೆ ತಲುಪುವುದೇ ಇಲ್ಲ. ಓಝೋನ್ ಚಿಕಿತ್ಸೆಯನ್ನು ಗಂಭೀರವಾಗಿ ಓದಿದವರೂ ಹೀಗೆ ವಾದಿಸುವುದಿಲ್ಲ. ಇಟಲಿಯ ಸಿಯೆನಾದ ವೆಲಿಯೊ ಬೊಚ್ಚಿ ಎಂಬ ವಿಜ್ಞಾನಿ ಹೇಳಿದ್ದು ಬೇರೆ: ಓಝೋನ್ ಮುಗಿದುಹೋಗುವಾಗ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, ಕೊಬ್ಬಿನ ಕೆಲವು ತುಣುಕುಗಳು ಹುಟ್ಟುತ್ತವೆ. ಅವು ಜೀವಕೋಶಗಳಿಗೆ ಸಣ್ಣ ಪೆಟ್ಟು ಕೊಡುತ್ತವೆ. ಆ ಪೆಟ್ಟಿಗೆ ಎದುರಾಗಿ ದೇಹ ತನ್ನದೇ ರಕ್ಷಣೆಯ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಉರಿಯೂತ ತಗ್ಗಬಹುದು. ಈ ವಿವರಣೆಯಲ್ಲಿ ಅರ್ಥ ಇದೆ. ಆದರೆ ಪ್ರಯೋಗಾಲಯದಲ್ಲಿ ಅರ್ಥ ಇರುವುದೆಲ್ಲ ರೋಗಿಯ ನೋವು ಕಡಿಮೆ ಮಾಡುತ್ತದೆ ಎಂದಿಲ್ಲ. ಅದಕ್ಕೆ ರೋಗಿಗಳಲ್ಲೇ ಪರೀಕ್ಷೆ ಆಗಬೇಕು.

ಪರೀಕ್ಷೆ ಆಗಿಲ್ಲವೇ? ಆಗಿದೆ, ಜಾಸ್ತಿ ಚೀನಾದಲ್ಲಿ. ಕೆಲವರು ರಕ್ತ ತೆಗೆದು ಓಝೋನ್ ಸೇರಿಸಿ ಕೊಟ್ಟರು. ಕೆಲವರು ಬೆನ್ನುಹುರಿಯ ಪಕ್ಕಕ್ಕೆ ಸೂಜಿ ಹಾಕಿ ಅನಿಲ ಬಿಟ್ಟರು. ಕೆಲವರು ಬೊಕ್ಕೆಯ ಸುತ್ತ ಚರ್ಮದಡಿ ಚುಚ್ಚಿದರು, ಕೆಲವರು ಓಝೋನ್ ಎಣ್ಣೆ ಹಚ್ಚಿದರು. ಜೊತೆಗೆ ಮಾಮೂಲಿ ಮಾತ್ರೆಯೂ ಇತ್ತು. ಓಝೋನ್ ಸೇರಿಸಿದವರಿಗೆ ನೋವು ಇನ್ನಷ್ಟು ಇಳಿಯಿತು ಎಂದೇ ಹೆಚ್ಚಿನವು ಹೇಳುತ್ತವೆ. ತೊಂದರೆ ಏನೆಂದರೆ, ಅವು ಸಣ್ಣ ಅಧ್ಯಯನಗಳು. ತನಗೆ ಓಝೋನ್ ಸಿಕ್ಕಿತು ಎಂದು ರೋಗಿಗೆ ಗೊತ್ತಿರುತ್ತದೆ. ನೋವಿನ ಅಂಕ ಕೊಡುವವನೂ ಆ ರೋಗಿಯೇ. ರಕ್ತ ತೆಗೆದು, ಯಂತ್ರ ಸದ್ದು ಮಾಡಿ, ಬಣ್ಣ ಬದಲಾದ ರಕ್ತ ವಾಪಸ್ ಮೈಗೆ ಹೋಗುವುದನ್ನು ಕಣ್ಣಾರೆ ಕಂಡವನಿಗೆ ನೋವು ಸ್ವಲ್ಪ ಇಳಿದ ಹಾಗೆ ಅನಿಸುವುದು ಸಹಜ. ಆ ಅನಿಸಿಕೆ ಸುಳ್ಳಲ್ಲ, ನೋವು ಅಷ್ಟರಮಟ್ಟಿಗೆ ಇಳಿದೇ ಇರುತ್ತದೆ. ಆದರೆ ಅದು ಓಝೋನ್‌ನ ಕೆಲಸವೋ ಅಲ್ಲವೋ ತಿಳಿಯಬೇಕಾದರೆ, ಓಝೋನ್ ಇಲ್ಲದೆ ಬರೀ ಆಮ್ಲಜನಕ ಕಲಸಿ ಕೊಟ್ಟ ಇನ್ನೊಂದು ಗುಂಪು ಬೇಕು. ಯಾರಿಗೆ ಯಾವುದು ಎಂದು ಯಾರಿಗೂ ಗೊತ್ತಿರಬಾರದು. ಅಂಥ ದೊಡ್ಡ ಪರೀಕ್ಷೆಯ ಮೇಲೆ ಈ ಚಿಕಿತ್ಸೆ ನಿಂತಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮದಲ್ಲಂತೂ, ಓಝೋನ್ ವಿಷಾನಿಲ, ಮುಖ್ಯ ಚಿಕಿತ್ಸೆಯಾಗಿಯಾಗಲಿ ಜೊತೆ ಚಿಕಿತ್ಸೆಯಾಗಿಯಾಗಲಿ ಅದರ ಉಪಯೋಗ ಸಾಬೀತಾಗಿಲ್ಲ ಎಂಬ ಅರ್ಥದ ಮಾತೇ ಇದೆ.

ಇಷ್ಟು ಹೇಳಿ ನಮ್ಮ ಮಾಮೂಲಿ ಮದ್ದಿನ ಮಿತಿಯನ್ನೂ ಹೇಳದಿದ್ದರೆ ನ್ಯಾಯ ಅಲ್ಲ. ವೈರಸ್ ಮಾತ್ರೆ ಬೊಕ್ಕೆಯನ್ನು ಬೇಗ ಒಣಗಿಸುತ್ತದೆ, ಆ ಹೊತ್ತಿನ ನೋವನ್ನು ಇಳಿಸುತ್ತದೆ. ಆದರೆ ತಿಂಗಳುಗಟ್ಟಲೆ ಉಳಿಯುವ ನೋವನ್ನು ಅದೇ ಜಾತಿಯ ಏಸೈಕ್ಲೋವಿರ್ ತಡೆಯುತ್ತದೆ ಎಂಬುದಕ್ಕೆ, ಆಗಿರುವ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕೊಕ್ರೇನ್ ವಿಮರ್ಶೆಯಲ್ಲಿ ಆಧಾರ ಸಿಗಲಿಲ್ಲ. ಸ್ಟೀರಾಯ್ಡ್ ಕೂಡ ಅದನ್ನು ತಡೆಯುವುದಿಲ್ಲ. ನಮ್ಮ ಕೈಯಲ್ಲಿ ಪೂರ್ತಿ ಉತ್ತರ ಇಲ್ಲದ ಕಡೆಯೇ ಜನ ಬೇರೆ ಬಾಗಿಲು ತಟ್ಟುತ್ತಾರೆ. ಹಾಗೆ ತಟ್ಟಿದವರನ್ನು ಮೂರ್ಖರೆಂದು ಬೈಯುವ ವೈದ್ಯರ ಮೇಲೆ ನನಗೆ ಸಿಟ್ಟು ಬರುತ್ತದೆ.

ಹೋಗುವುದಾದರೆ ಹೀಗೆ ಹೋಗಿ

ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. "ಹಾಗಾದ್ರೆ ಬೇಡವಾ ಡಾಕ್ಟ್ರೇ? ಅಮ್ಮ ರಾತ್ರಿ ಮಲಗುದೇ ಇಲ್ಲ. ಏನೂ ಮಾಡದೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ ನಂಗೆ" ಅಂದಳು.

ನಾನು ಮೊದಲು ಮಾಡಬೇಕಾದದ್ದನ್ನು ಮಾಡಿದೆ. ಪ್ರಿಗ್ಯಾಬಲಿನ್ ರಾತ್ರಿ 75ಕ್ಕೆ ಏರಿಸಿದೆ. ಸಿಪ್ಪೆ ಪೂರ್ತಿ ಉದುರಿ ಚರ್ಮ ಕೂಡಿದ್ದರಿಂದ ಚರ್ಮಕ್ಕೆ ಅಂಟಿಸುವ ನೋವಿನ ಪಟ್ಟಿ, 5 ಶೇಕಡಾ ಲಿಡೊಕೇನ್ ಇರುವುದು, ಬರೆದೆ. 12 ಗಂಟೆ ಅಂಟಿಸಿ, 12 ಗಂಟೆ ತೆಗೆಯಬೇಕು. ಇದು ರಕ್ತಕ್ಕೆ ಹೆಚ್ಚು ಸೇರುವುದಿಲ್ಲ, ತಲೆ ತಿರುಗಿಸುವುದಿಲ್ಲ. ವಯಸ್ಸಾದವರಿಗೆ ತುಂಬಾ ಒಗ್ಗುವ ಮದ್ದು. ಬೊಕ್ಕೆ ಹಸಿ ಇರುವಾಗ ಮಾತ್ರ ಹಚ್ಚಬಾರದು.

ಓಝೋನ್ ಬೇಡವೇ ಬೇಡ ಎನ್ನಲಿಲ್ಲ. ಕೆಲವು ಷರತ್ತು ಹಾಕಿದೆ. ಹಾಕಲು ಕಾರಣ ಇತ್ತು. ಅವಳು ಮೊದಲು ಫೋನ್ ಮಾಡಿದ ಕೇಂದ್ರದವರು ಎಲ್ಲಾ ಇಂಗ್ಲಿಷ್ ಮಾತ್ರೆ ನಿಲ್ಲಿಸಬೇಕು, ಸಕ್ಕರೆ ಮಾತ್ರೆಯನ್ನೂ ನಿಲ್ಲಿಸಬೇಕು, ಆಗಲೇ ದೇಹ ಶುದ್ಧಿಯಾಗುವುದು ಎಂದಿದ್ದರಂತೆ. ಆ ಕೇಂದ್ರದ ಹೆಸರು ಇಲ್ಲಿ ಬೇಡ. ಅಲ್ಲಿಗೆ ಹೋಗಲೇಬಾರದು, ಯಾವ ಮಾತ್ರೆಯನ್ನೂ ನಿಲ್ಲಿಸಬಾರದು ಎಂದೆ. ಅದು ಮೊದಲ ಷರತ್ತು. ಜೊತೆ ಚಿಕಿತ್ಸೆ ಎಂದು ಹೇಳಿ ಒಳಗೆ ಕರೆದು, ಕೊನೆಗೆ ಅದೊಂದೇ ಚಿಕಿತ್ಸೆ ಎಂದು ಮಾಡುವುದೇ ಇದರಲ್ಲಿರುವ ಎಲ್ಲಕ್ಕಿಂತ ದೊಡ್ಡ ಅಪಾಯ. ಓಝೋನ್‌ನಿಂದ ಆಗುವ ಕೆಡುಕಿಗಿಂತ, ನಿಲ್ಲಿಸಿದ ಮಾತ್ರೆಯಿಂದ ಆಗುವ ಕೆಡುಕು ದೊಡ್ಡದು.

ಎರಡನೆಯದು ಜಿ6ಪಿಡಿ ಪರೀಕ್ಷೆ. ಈ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರ ಕೆಂಪು ರಕ್ತಕಣ ಆಕ್ಸಿಡೈಜ್ ಮಾಡುವ ವಸ್ತು ತಾಗಿದರೆ ಒಡೆದುಹೋಗುತ್ತದೆ. ಮಂಗಳೂರಿನವರಿಗೆ ಈ ಪರೀಕ್ಷೆ ಹೊಸದಲ್ಲ. ವೈವಾಕ್ಸ್ ಮಲೇರಿಯಾ ಬಂದವರಿಗೆ ಪ್ರಿಮಾಕ್ವಿನ್ ಮಾತ್ರೆ ಕೊಡುವ ಮೊದಲು ನೋಡಬೇಕಾದದ್ದೂ ಇದನ್ನೇ. ಮಲೇರಿಯಾದ ಊರು ಎಂದೇ ಹೆಸರಾಗಿದ್ದ ಮಂಗಳೂರಿನಲ್ಲಿ ಯಾವ ಲ್ಯಾಬಿಗೆ ಹೋದರೂ ಅರ್ಥವಾಗುತ್ತದೆ. ಓಝೋನ್ ಕೊಡುವವರು ಇದನ್ನು ಕೇಳದಿದ್ದರೆ, ಅವರಿಗೆ ತಮ್ಮ ಕೆಲಸವೇ ಗೊತ್ತಿಲ್ಲ ಎಂದು ತಿಳಿದು ಎದ್ದು ಬನ್ನಿ ಅಂದೆ. ಥೈರಾಯ್ಡ್ ಏರಿರಬಾರದು, ಪ್ಲೇಟ್‌ಲೆಟ್ ಕಡಿಮೆ ಇರಬಾರದು, ಇತ್ತೀಚೆಗೆ ಹೃದಯಾಘಾತ ಆಗಿರಬಾರದು. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು, ಯಾಕೆಂದರೆ ತೆಗೆದ ರಕ್ತ ಹೆಪ್ಪುಗಟ್ಟದಂತೆ ಅವರೂ ಒಂದು ಮದ್ದು ಸೇರಿಸುತ್ತಾರೆ. ಇವರ ಜಿ6ಪಿಡಿ, ಥೈರಾಯ್ಡ್, ಪ್ಲೇಟ್‌ಲೆಟ್ ಸರಿಯಿತ್ತು. ಹಿಮೋಗ್ಲೋಬಿನ್ 10.8, ಸ್ವಲ್ಪ ಕಡಿಮೆ.

ಮೂರನೆಯದರಲ್ಲಿ ರಾಜಿ ಇಲ್ಲ. ಓಝೋನ್ ಅನಿಲವನ್ನು ನೇರವಾಗಿ ರಕ್ತನಾಳಕ್ಕೆ ಬಿಡಬಾರದು. ಗಾಳಿಗುಳ್ಳೆ ಶ್ವಾಸಕೋಶಕ್ಕೋ ಮೆದುಳಿಗೋ ಹೋಗಿ ಜೀವ ಹೋಗಬಹುದು. ಉಸಿರಿನಲ್ಲೂ ಎಳೆಯಬಾರದು, ಶ್ವಾಸನಾಳವನ್ನು ಸುಡುತ್ತದೆ. 2010ರಲ್ಲಿ ಓಝೋನ್ ಚಿಕಿತ್ಸಕರೇ ಸೇರಿ ಮಾಡಿಕೊಂಡ ಮ್ಯಾಡ್ರಿಡ್ ಘೋಷಣೆ ಕೂಡ ಇವೆರಡನ್ನೂ ಬೇಡ ಎನ್ನುತ್ತದೆ. ಕೋಣೆಯಲ್ಲಿ ಓಝೋನ್‌ನ ಚುರುಕು ವಾಸನೆ ಗಾಢವಾಗಿ ಬರುತ್ತಿದ್ದರೆ ಯಂತ್ರ ಸೋರುತ್ತಿದೆ ಎಂದರ್ಥ. ಸೂಜಿ, ನಳಿಕೆ, ಬಾಟಲಿ ಎಲ್ಲ ನಿಮ್ಮ ಎದುರೇ ಹೊಸ ಪ್ಯಾಕೆಟಿನಿಂದ ತೆಗೆಯಬೇಕು. ರಕ್ತ ಹೊರಗೆ ಬಂದು ಒಳಗೆ ಹೋಗುವ ಯಾವ ಚಿಕಿತ್ಸೆಯಲ್ಲೂ ಹೆಪಟೈಟಿಸ್ ಬಿ, ಸಿ ಅಪಾಯ ಇದ್ದೇ ಇರುತ್ತದೆ.

ಬೆನ್ನುಹುರಿಯ ಪಕ್ಕಕ್ಕೆ ಓಝೋನ್ ಚುಚ್ಚುವುದನ್ನು ಒಪ್ಪಲಿಲ್ಲ. ಎದೆಗೂಡಿನ ಭಾಗದಲ್ಲಿ ಸೂಜಿ ಸ್ವಲ್ಪ ಆಚೆ ಹೋದರೆ ಶ್ವಾಸಕೋಶ ಕುಸಿಯಬಹುದು. ಅಷ್ಟು ಅಪಾಯ ತೆಗೆದುಕೊಳ್ಳುವುದಾದರೆ, ಹೆಚ್ಚು ಆಧಾರ ಇರುವ ನರದ ಬ್ಲಾಕ್, ಅಂದರೆ ನರದ ಹತ್ತಿರ ಅರಿವಳಿಕೆ ಮದ್ದು ಚುಚ್ಚುವುದು, ಮಾಡಿಸುವುದು ಮೇಲು.

ಆರು ಸಿಟ್ಟಿಂಗ್

ಮಗಳು ಇನ್ನೊಂದು ಕಡೆ ಹುಡುಕಿದಳು. ಅಲ್ಲಿ ಅರಿವಳಿಕೆ ತಜ್ಞರೊಬ್ಬರು ನೋವಿನ ಚಿಕಿತ್ಸೆಯ ಜೊತೆ ಓಝೋನ್ ಕೂಡ ಕೊಡುತ್ತಿದ್ದರು. ನನ್ನ ಪತ್ರ ಓದಿ ಫೋನ್ ಮಾಡಿದರು. ಯಾವ ಮಾತ್ರೆಯನ್ನೂ ನಿಲ್ಲಿಸುವುದಿಲ್ಲ, ಜಿ6ಪಿಡಿ ವರದಿ ಇಲ್ಲದೆ ಶುರು ಮಾಡುವುದಿಲ್ಲ ಅಂದರು. ಗುಣವಾಗುತ್ತದೆ ಎಂದು ಮಾತು ಕೊಡುವುದಿಲ್ಲ ಎಂದೂ ಅಂದರು. ಕೊನೆಯ ಮಾತು ಕೇಳಿ ನನಗೆ ಅವರ ಮೇಲೆ ಗೌರವ ಬಂತು.

ಇಲ್ಲಿಯೂ ಹತ್ತು ಸಿಟ್ಟಿಂಗಿನ ಹಣ ಮೊದಲೇ ಕಟ್ಟಿದರು. ನಾಲ್ಕನೇ ವಾರದಲ್ಲಿ ಶುರುವಾಯಿತು. ಪ್ರತಿ ಸಲ 100 ಮಿಲಿ ರಕ್ತ ತೆಗೆದು, ಆಮ್ಲಜನಕ ಓಝೋನ್ ಮಿಶ್ರಣ ಕಲಸಿ, ನಿಧಾನವಾಗಿ ವಾಪಸ್ ಕೊಡುವುದು. ವಾರಕ್ಕೆ ಎರಡು ಸಲ. ಎರಡನೇ ಸಲ ತೊಂದರೆಯಾಯಿತು. ಬೆಳಿಗ್ಗೆ ಬರೀ ಚಹಾ ಕುಡಿದು, ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಹೋಗಿದ್ದರು. ರಾತ್ರಿಯ ಪ್ರಿಗ್ಯಾಬಲಿನ್‌ನ ಮಂಪರು ಬೇರೆ. ಮುಗಿಸಿ ಎದ್ದಾಗ ಕಣ್ಣು ಕತ್ತಲೆ ಬಂದು ಕುಸಿದು ಕೂತರು. ಬಿಪಿ ಇಳಿದಿತ್ತು. ಅರ್ಧ ಗಂಟೆ ಮಲಗಿಸಿ ಕಳಿಸಿದರು. ಬಿದ್ದು ಸೊಂಟ ಮುರಿದಿದ್ದರೆ ಸರ್ಪಸುತ್ತು ಸಣ್ಣ ಕಾಯಿಲೆಯಾಗುತ್ತಿತ್ತು. ಅನಂತರ ತಿಂಡಿ ತಿಂದು, ಕಾರಿನಲ್ಲಿ, ಜೊತೆಗೆ ಯಾರಾದರೂ ಇದ್ದರೆ ಮಾತ್ರ ಎಂದು ಮಾಡಿದೆವು. ಆರು ಸಿಟ್ಟಿಂಗ್ ಆದ ಮೇಲೆ ಸಾಕು ಎಂದು ಅಮ್ಮನೇ ನಿಲ್ಲಿಸಿದರು. "ದಾರಿಯೇ ಸುಸ್ತು ಮಾಡ್ತದೆ" ಅಂದರು.

ಮೊಮ್ಮಗಳ ಪುಸ್ತಕ

ಈಗ ಆ ಪುಸ್ತಕ ತೆರೆಯಬೇಕು. ಮೊದಲ ವಾರ ನೋವು ಹೆಚ್ಚಿನ ದಿನ 8. ಎರಡನೇ ವಾರ 7. ಮೂರನೇ ವಾರ 6 ಮತ್ತು 5ರ ನಡುವೆ. ಇಷ್ಟು ಓಝೋನ್ ಶುರುವಾಗುವ ಮೊದಲಿನದು. ನಾಲ್ಕನೇ ವಾರ 5ರಿಂದ 4. ಆರನೇ ವಾರ 3. ಎಂಟನೇ ವಾರ 2.

ಮಗಳು ಪುಸ್ತಕದಲ್ಲಿ ನಾಲ್ಕನೇ ವಾರದಿಂದ ಈಚೆಗೆ ಬೆರಳಿಟ್ಟು ತೋರಿಸಿದಳು: "ನೋಡಿ ಡಾಕ್ಟ್ರೇ, ಓಝೋನ್ ಕೊಟ್ಟ ಮೇಲೆ ಹೇಗೆ ಇಳಿದಿದೆ!" ಇಳಿದದ್ದು ನಿಜ. ನಾನು ಅವಳ ಬೆರಳನ್ನು ಮೊದಲ ವಾರಕ್ಕೆ ತಂದೆ. 8ರಿಂದ 5ಕ್ಕೆ ಇಳಿದಾಗ ಓಝೋನ್ ಇರಲಿಲ್ಲ. ಇಳಿಜಾರು ಅದೇ, ಓಝೋನ್ ಬಂದ ಮೇಲೆ ಅದು ಕಡಿದಾಗಲಿಲ್ಲ. ಸರ್ಪಸುತ್ತಿನ ನೋವು ಹೆಚ್ಚಿನವರಿಗೆ ಮೂರು ತಿಂಗಳ ಒಳಗೆ ತಾನಾಗಿಯೇ ಇಳಿಯುತ್ತದೆ. ಮೂರನೇ ನಾಲ್ಕನೇ ವಾರದಲ್ಲಿ ಶುರುಮಾಡಿದ ಯಾವ ಚಿಕಿತ್ಸೆಗೂ ಒಳ್ಳೆಯ ಹೆಸರು ಬರುತ್ತದೆ. ಮಳೆಗಾಲದ ಕೊನೆಗೆ ಹೊಸ ಕೊಡೆ ತಂದು, ಈ ಕೊಡೆ ತಂದ ಮೇಲೆ ಮಳೆ ಕಡಿಮೆಯಾಯಿತು ಎಂದರೆ ಸುಳ್ಳೇನಲ್ಲ. ಆದರೆ ಮಳೆ ಕಡಿಮೆಯಾದದ್ದು ಕೊಡೆಯಿಂದಲ್ಲ, ಅಲ್ವಾ?

ಅದರ ಮೇಲೆ, ಅದೇ ವಾರದಲ್ಲಿ ಮೂರು ಬದಲಾವಣೆ ಒಟ್ಟಿಗೆ ಆಗಿತ್ತು: ಪ್ರಿಗ್ಯಾಬಲಿನ್ ಏರಿತು, ಲಿಡೊಕೇನ್ ಪಟ್ಟಿ ಬಂತು, ಓಝೋನ್ ಶುರುವಾಯಿತು. ಇವುಗಳಲ್ಲಿ ಯಾವುದು ಎಷ್ಟು ಮಾಡಿತು ಎಂದು ಒಬ್ಬ ರೋಗಿಯಲ್ಲಿ ಬಿಡಿಸಲು ಬರುವುದಿಲ್ಲ. ಅಮ್ಮನನ್ನೇ ಕೇಳಿದೆ. ಯೋಚಿಸಿ ಹೇಳಿದರು: "ಆ ಪಟ್ಟಿ ಅಂಟಿಸಿದ ಮರುದಿನ ರವಿಕೆ ಹಾಕ್ಲಿಕ್ಕೆ ಆಯ್ತು. ರಕ್ತದ್ದು ನಂಗೆ ಗೊತ್ತಾಗುದಿಲ್ಲ. ಮಗಳು ಅಷ್ಟು ದೂರ ಕರ್ಕೊಂಡು ಹೋಗಿ ಪಕ್ಕದಲ್ಲಿ ಕೂತ್ಕೊಳ್ತಿದ್ಳಲ್ಲ, ಅದು ಖುಷಿ."

ಪುಸ್ತಕದಲ್ಲಿಯೂ ಅದಕ್ಕೆ ಗುರುತು ಇತ್ತು. ಬಟ್ಟೆ ತಾಗಿದರೆ ಉರಿ ಎಂಬ ಸಾಲು ಪಟ್ಟಿ ಬಂದ ಎರಡೇ ದಿನಕ್ಕೆ ನಿಂತುಹೋಗಿತ್ತು. ಆಗ ಮೊದಲ ಸಿಟ್ಟಿಂಗ್ ಆಗಿರಲಿಲ್ಲ. ನನ್ನ ತೀರ್ಮಾನ ಕೇಳಿದರೆ, ಹೆಚ್ಚಿನ ಪಾಲು ಕಾಯಿಲೆಯ ಸಹಜ ಇಳಿತದ್ದು, ಆಮೇಲೆ ಪಟ್ಟಿ ಮತ್ತು ಮಾತ್ರೆಯದ್ದು. ಓಝೋನ್ ಪಾಲು ಇದ್ದರೂ ಅದು ಈ ಪುಸ್ತಕದಲ್ಲಿ ಕಾಣುವುದಿಲ್ಲ. ಆರು ಸಲದ ಹಣ, ದಾರಿ, ಆ ಒಂದು ಕುಸಿತ ಇವನ್ನು ಎದುರಿಗಿಟ್ಟು ನೋಡಿದರೆ, ಇಂಥದೇ ಇನ್ನೊಬ್ಬರಿಗೆ ನಾನಾಗಿ ಓಝೋನ್ ಸೂಚಿಸುವುದಿಲ್ಲ. 90 ದಿನ ದಾಟಿ, ಪಟ್ಟಿ, ಮಾತ್ರೆ, ಬ್ಲಾಕ್ ಯಾವುದಕ್ಕೂ ಬಗ್ಗದ ನೋವಿನವರು ಅರಿತು ಪ್ರಯತ್ನಿಸುತ್ತೇನೆ ಅಂದರೆ, ಮೇಲಿನ ಷರತ್ತುಗಳ ಜೊತೆ ತಡೆಯುವುದೂ ಇಲ್ಲ.

ಈಗಿನ ಸ್ಥಿತಿ

ಮೂರು ತಿಂಗಳು ತುಂಬಿದಾಗ ನೋವು 1. ಬೆವರಿದಾಗ ಸ್ವಲ್ಪ ತುರಿಕೆ ಉಂಟು. ಪ್ರಿಗ್ಯಾಬಲಿನ್ ಒಮ್ಮೆಲೇ ಬಿಡಿಸದೆ ಎರಡು ವಾರದಲ್ಲಿ ಇಳಿಸಿ ನಿಲ್ಲಿಸಿದೆವು. ಹೂ ಕಟ್ಟುವ ಕೆಲಸ ಶುರುವಾಗಿದೆ, ಕೊಯ್ಯಲು ಸೊಸೆ ಹೋಗುತ್ತಾಳೆ. ಉಳಿದ ನಾಲ್ಕು ಸಿಟ್ಟಿಂಗಿನ ಹಣ ಕಟ್ಟಿದ್ದೇವೆ, ಮುಗಿಸಿಬಿಡಲಾ ಎಂದು ಮಗಳು ಕೇಳಿದಳು. ನೋವು ಇಷ್ಟು ಇಳಿದ ಮೇಲೆ ರಕ್ತ ತೆಗೆಸುವುದು ಬೇಡ ಎಂದೆ. ಅಲ್ಲಿನ ವೈದ್ಯರೂ ಹಾಗೆಯೇ ಹೇಳಿ ಹಣ ವಾಪಸ್ ಕೊಟ್ಟರು.

ಮನೆಯಲ್ಲಿ ಅವರ ಗಂಡ ಇದ್ದಾರೆ, 76 ವರ್ಷ. ಅವರಿಗೆ ಬಾರದಂತೆ ಏನು ಮಾಡಬಹುದು ಎಂಬ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಗಟ್ಟಿ ಉತ್ತರ ಇತ್ತು. ಶಿಂಗ್ರಿಕ್ಸ್ ಲಸಿಕೆ ಭಾರತಕ್ಕೆ 2023ರಲ್ಲಿ ಬಂತು. 50 ದಾಟಿದವರಿಗೆ, ಎರಡು ಡೋಸ್, ಎರಡರಿಂದ ಆರು ತಿಂಗಳ ಅಂತರದಲ್ಲಿ. ಸಾವಿರಾರು ಜನರಲ್ಲಿ, ಯಾರಿಗೆ ಯಾವುದು ಎಂದು ಮುಚ್ಚಿಟ್ಟು ಮಾಡಿದ ಪರೀಕ್ಷೆಗಳಲ್ಲಿ ಇದು 50 ದಾಟಿದವರಲ್ಲಿ 97 ಶೇಕಡಾ, 70 ದಾಟಿದವರಲ್ಲಿಯೂ ಸುಮಾರು 90 ಶೇಕಡಾ ಸರ್ಪಸುತ್ತನ್ನು ತಡೆಯಿತು. ತೋಳು ನೋವು, ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಬೆಲೆ ಜಾಸ್ತಿ, ಒಂದು ಡೋಸಿಗೆ ಹತ್ತು ಸಾವಿರದ ಆಸುಪಾಸು. ಎಲ್ಲರಿಗೂ ಆಗುವುದಲ್ಲ. ಈ ಮನೆಯಲ್ಲಿ ವಾಪಸ್ ಬಂದ ಸಿಟ್ಟಿಂಗಿನ ಹಣಕ್ಕೆ ಮಗ ಇನ್ನಷ್ಟು ಸೇರಿಸಿ ಕಳಿಸಿದ. ಅಪ್ಪನಿಗೆ ಮೊದಲ ಡೋಸ್ ಆಗಿದೆ. ಒಮ್ಮೆ ಸರ್ಪಸುತ್ತು ಬಂದವರಿಗೂ ಮತ್ತೆ ಬರಬಹುದಾದ್ದರಿಂದ ಅಮ್ಮನಿಗೂ ಕೊಡಬಹುದು. ಅವರ ಕ್ರಿಯಾಟಿನಿನ್ ಮುಂದಿನ ತಿಂಗಳು ಇನ್ನೊಮ್ಮೆ ನೋಡುವುದಿದೆ, ಅದೇ ದಿನ ಲಸಿಕೆಯ ತಾರೀಕನ್ನೂ ಗೊತ್ತು ಮಾಡುತ್ತೇವೆ.